ಅಜ್ಜಿಯನ್ನು ಮುಟ್ಟುವ ಮೊದಲು

…ಅಥವಾ ಅದು ಟಿಂಚರ್ ವಾಸನೆ ಆಗಿರಲಿಕ್ಕಿಲ್ಲ. ಟಿಂಚರ್ ಬಾಟಲಿ ನಮ್ಮ ಮನೆಗೆ ಬಂದದ್ದು ಆಮೇಲೆ, ಅಜ್ಜಿಯ ಕೈ ಸುಟ್ಟ ಮೇಲೆ ಎಂದು ನನ್ನ ತಮ್ಮ ಪಮ್ಯಾ ಹೇಳುತ್ತಾನೆ. ಅವನ ಪ್ರಕಾರ ಆ ಭಾನುವಾರಗಳಿಗೆ ಇದ್ದದ್ದು ಹಳೆಯ ಧೋತರದ ವಾಸನೆ ಮಾತ್ರ, ಟ್ರಂಕಿನಲ್ಲಿ ನುಸಿಗುಳಿಗೆಯ ಪಕ್ಕ ವರ್ಷಗಟ್ಟಲೆ ಮಲಗಿ ಅದರ ಘಾಟನ್ನೇ ಹಿಡಿದುಕೊಂಡಿದ್ದ ಮೆತ್ತನೆಯ ಹತ್ತಿ. ಅವನು ಆಗ ನಾಲ್ಕು ವರ್ಷದವ, ನಾನು ಎಂಟು ವರ್ಷದವಳು. ಯಾರ ಮೂಗನ್ನು ನಂಬುವುದು? ನನ್ನದನ್ನು ನಂಬಬೇಕೆಂದು ನನಗೆ ಆಸೆ, ಆದರೆ ನೆನಪಿನ ವಿಷಯದಲ್ಲಿ ಆಸೆಯೇ ದೊಡ್ಡ ಮೋಸಗಾರ ಎಂಬುದೂ ಗೊತ್ತು. ಮೊನ್ನೆ ಶಂಶಾಬಾದಿನ ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಹಾಲಿಗೆ ಪಮ್ಯಾನ ಮಗಳನ್ನು ಕರೆತರಲು ಇಳಿದಿದ್ದೆ. ಬಾಗಿಲು ತೆಗೆದ ಕೂಡಲೇ ಮೂಗಿಗೆ ಬಡಿದದ್ದು ಮಾತ್ರ ಖಂಡಿತ ಟಿಂಚರ್. ಒಬ್ಬ ಹುಡುಗಿ ಚಾಪೆಯ ಮೇಲೆ ಕೂತು ಪುಟ್ಟ ಮಕ್ಕಳಿಗೆ ಪ್ರಥಮ ಚಿಕಿತ್ಸೆ ಕಲಿಸುತ್ತಿದ್ದಳು. ನಡುವೆ ಒಂದು ರಬ್ಬರ್ ಗೊಂಬೆ ಅಂಗಾತ ಬಿದ್ದಿತ್ತು. "ಮುಟ್ಟುವುದಕ್ಕೆ ಮೊದಲು ಏನು ಕೇಳಬೇಕು?" ಎಂದು ಅವಳು ತೆಲುಗಿನಲ್ಲಿ ಕೇಳಿದಳು. ಮಕ್ಕಳೆಲ್ಲ ಒಟ್ಟಿಗೆ ಇಂಗ್ಲಿಷಿನಲ್ಲಿ ಗೊಂಬೆಯ ಅಪ್ಪಣೆ ಕೇಳಿದವು. ಗೊಂಬೆ ಏನೂ ಅನ್ನಲಿಲ್ಲ. ಮಕ್ಕಳು ಅದರ ಮೇಲೆ ಬಿದ್ದವು. ನಾನು ಮಾತ್ರ ಬಾಗಿಲಲ್ಲೇ ನಿಂತಿದ್ದೆ, ಯಾರೋ ಒಳಗೆ ಬರಬೇಡ ಅಂದ ಹಾಗೆ.

ನಮ್ಮ ಅತ್ಯಾ, ಎಂದರೆ ಅಪ್ಪನ ತಂಗಿ ಕುಸುಮಾ, ಇದೇ ಪ್ರಶ್ನೆಯನ್ನು ನಮಗೆ ಕಲಿಸಿದ್ದಳು. ಆಗಿನ್ನೂ ತೆಲಂಗಾಣ ಬೇರೆ ರಾಜ್ಯವಾಗಿರಲಿಲ್ಲ. ಅಪ್ಪ ಊರಾಚೆಯ ಒಂದು ಕೇಂದ್ರ ಸರ್ಕಾರಿ ಕಾರ್ಖಾನೆಯಲ್ಲಿದ್ದರು. ಕಾರ್ಖಾನೆಯ ಕಾಲನಿಯಲ್ಲಿ ನಮಗೊಂದು ಕ್ವಾರ್ಟರ್ಸು: ಮುಂದೆ ಜಾಳಿಗೆ ಹೊಡೆದ ಪಡಸಾಲೆ, ಮಧ್ಯೆ ಒಂದು ಕೋಣೆ, ಹಿಂದೆ ಅಡಿಗೆಮನೆ, ಅದರ ಹಿಂದೆ ತೊಳೆಯುವ ಕಲ್ಲು ಮತ್ತು ಬೇವಿನ ಗಿಡ. ಸುತ್ತಲೂ ರಾಯಚೂರು, ಕಲಬುರಗಿ, ಧಾರವಾಡದ ಮಂದಿ ಬೇಕಾದಷ್ಟು, ಅವರ ನಡುವೆ ತೆಲುಗಿನವರು, ಉರ್ದುವಿನವರು. ಮನೆಯೊಳಗೆ ಕನ್ನಡ, ಕಾಂಪೌಂಡಿನ ಗೇಟಿನಾಚೆ ತೆಲುಗು, ಬಸ್ಸಿನಲ್ಲಿ ಹಿಂದಿ. ಬೆಳಿಗ್ಗೆ ಕಾರ್ಖಾನೆಯ ಭೋಂಗಾ ಕೂಗಿತೆಂದರೆ ಸೈಕಲ್ಲುಗಳೆಲ್ಲ ಒಂದೇ ದಿಕ್ಕಿಗೆ ಹರಿದುಹೋಗುತ್ತಿದ್ದವು. ಆಮೇಲೆ ಕಾಲನಿಯಲ್ಲಿ ಒಂದು ಥರದ ಮೌನ, ಒಗ್ಗರಣೆಯ ಸದ್ದು ಮೂರು ಮನೆ ಆಚೆಗೂ ಕೇಳುವಷ್ಟು ಮೌನ. ಅತ್ಯಾ ಕಾಲನಿಯ ಬಾಲವಾಡಿಯಲ್ಲಿ ಕಲಿಸುತ್ತಿದ್ದಳು. ಅವಳಿಗೆ ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳುವ ವಯಸ್ಸು ಆಗ ನಮ್ಮದಲ್ಲ, ಕೇಳುವ ವಯಸ್ಸು ಬಂದಾಗ ಅವಳ ಮುಖ ನೋಡಿ ಸುಮ್ಮನಾದೆವು. ಕಾರ್ಖಾನೆಯ ಬೆಂಕಿ ಆರಿಸುವ ವಿಭಾಗದವರು ನಡೆಸಿದ ಪ್ರಥಮ ಚಿಕಿತ್ಸೆಯ ತರಬೇತಿಗೆ ಹೋಗಿಬಂದವಳು, ಬಂದ ವಾರವೇ ಅದನ್ನು ನಮಗೆ ಕಲಿಸುತ್ತೇನೆಂದು ಹಟ ಹಿಡಿದಳು. ನಮಗೆ ಎಂದರೆ ನನಗೆ, ಪಮ್ಯಾನಿಗೆ, ಮತ್ತು ಪಕ್ಕದ ಮನೆಯ ಸ್ವಪ್ನಾಗೆ. ಸ್ವಪ್ನಾ ತೆಲುಗಿನ ಹುಡುಗಿ, ನನ್ನ ವಾರಿಗೆಯವಳು. ಅಮ್ಮ ನಕ್ಕರಂತೆ: "ಪಮ್ಯಾಗ ಇನ್ನೂ ಮೂಗು ಒರಸಿಕೊಳ್ಳಲಿಕ್ಕೆ ಬರೂದಿಲ್ಲ, ಅವ ಯಾರಿಗೆ ಪಟ್ಟಿ ಕಟ್ಟಬೇಕು?" ಅತ್ಯಾ ಹೇಳಿದ್ದು, ಅಮ್ಮನೇ ಮುಂದೆ ಎಷ್ಟೋ ಸಲ ನೆನೆಸಿಕೊಂಡ ಮಾತು: "ವೈನಿ, ಭೋಂಗಾ ಆದ ಮ್ಯಾಲೆ ಈ ಕಾಲನ್ಯಾಗ ಯಾರ ಉಳೀತಾರ ನೋಡ್ರಿ. ಮುದುಕ್ಯಾರು, ಹುಡುಗರು. ಮುದುಕ್ಯಾರ ಬಿದ್ದರ ನೋಡವರು ಯಾರು?"

ಹಾಗೆ ಭಾನುವಾರ ಸಂಜೆಯ ಪಾಠ ಶುರುವಾಯಿತು. ಅಜ್ಜನ ಕಾಲದ ಧೋತರಗಳನ್ನು ಅತ್ಯಾ ಉದ್ದುದ್ದ ಹರಿದಳು, ಹರಿಯುವ ಆ ಸದ್ದು ಈಗಲೂ ನನ್ನ ಹಲ್ಲಿನಲ್ಲಿದೆ. ರಕ್ತ ಬರುತ್ತಿದ್ದರೆ ಬಟ್ಟೆ ಇಟ್ಟು ಒತ್ತಿ ಹಿಡಿ. ಮೂಗಿನಿಂದ ರಕ್ತ ಬಂದರೆ ತಲೆ ಹಿಂದಕ್ಕಲ್ಲ, ಮುಂದಕ್ಕೆ. ಬಿದ್ದವರು ಉಸಿರಾಡುತ್ತಿದ್ದು ಮಾತಾಡದಿದ್ದರೆ ಒಂದು ಮಗ್ಗುಲಿಗೆ ಹೊರಳಿಸು. ಸುಟ್ಟರೆ ಇಂಕು ಬೇಡ, ಅರಿಶಿನ ಬೇಡ, ದೋಸೆಹಿಟ್ಟು ಬೇಡ, ತಣ್ಣೀರು ಮಾತ್ರ, ಹರಿಯುವ ಹಾಗೆ. ಇದೆಲ್ಲಕ್ಕಿಂತ ಮೊದಲು ಎದುರಿಗೆ ಹೋಗಿ ನಿಲ್ಲಬೇಕು, ಹೆಸರು ಹೇಳಬೇಕು, ಕೇಳಬೇಕು. ನಮ್ಮ ಬಾಯಲ್ಲಿ ಅದು ಹೀಗಿತ್ತು: "ನಾ ವಿಜೂ. ನನಗ ಒಂದೀಟು ಬರತದ. ಮುಟ್ಟಲ್ಯಾ?" ಸ್ವಪ್ನಾ ತನ್ನ ಭಾಷೆಯಲ್ಲಿ, "ಮುಟ್ಟುಕೋವಚ್ಚಾ ಅಮ್ಮಮ್ಮಾ?" ಅನ್ನುತ್ತಿದ್ದಳು. ಪಮ್ಯಾ ಮೊದಲು ಮುಟ್ಟಿ ಆಮೇಲೆ ಕೇಳುತ್ತಿದ್ದ, ಅದಕ್ಕೆ ಪ್ರತಿ ಸಲ ಬೈಸಿಕೊಳ್ಳುತ್ತಿದ್ದ. ಯಾಕೆ ಕೇಳಬೇಕು ಎಂದು ನಾನು ಒಮ್ಮೆ ವಾದಿಸಿದ್ದೆ, ರಕ್ತ ಸುರಿಯುತ್ತಿರುವಾಗ ಇದೆಂಥ ಸಂಭಾವಿತತನ ಎಂಬ ಅರ್ಥದಲ್ಲಿ. "ಅವರ ಮೈ ಅವರದು, ಅದಕ್ಕ" ಎಂದಳು ಅತ್ಯಾ. ಆ ಮನೆಯಲ್ಲಿ ಅಂಥ ಮಾತನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.

ರೋಗಿಯ ಪಾತ್ರ ಅಜ್ಜಿಯದು. ಇದೇ ನನಗೆ ಇವತ್ತಿಗೂ ಕುತೂಹಲ. ನಮ್ಮ ಅಜ್ಜಿ ಭಾಳ ಮಡಿಯವಳು. ನಿಮ್ಮ ಮನೆಯಲ್ಲೂ ಅಂಥವರೊಬ್ಬರು ಇದ್ದಿರಬಹುದು, ಇಲ್ಲದಿದ್ದರೆ ಹೇಳುತ್ತೇನೆ. ಬೆಳಿಗ್ಗೆ ಸ್ನಾನ ಮಾಡಿ, ಮೇಲಿನ ಗಳದಿಂದ ಕೋಲಿನಲ್ಲಿ ಮಡಿ ಸೀರೆ ಇಳಿಸಿ ಉಟ್ಟಳೆಂದರೆ, ಅಡಿಗೆ, ಪೂಜೆ, ಊಟ ಎಲ್ಲ ಮುಗಿಯುವ ತನಕ ಅವಳನ್ನು ಯಾರೂ ಮುಟ್ಟುವ ಹಾಗಿಲ್ಲ. ಮೈಲಿಗೆ ಇರುವುದು ನಮ್ಮ ಮೈಯಲ್ಲಿ ಎನ್ನುವುದಕ್ಕಿಂತ ನಮ್ಮ ಬಟ್ಟೆಯಲ್ಲಿ: ಹಾಸಿಗೆಯಲ್ಲಿ ಹೊರಳಿದ, ಶಾಲೆಗೆ ಬಸ್ಸಿಗೆ ಹೋಗಿಬಂದ ಹತ್ತಿಯ ಅಂಗಿಯಲ್ಲಿ. ಆದ್ದರಿಂದ ಸಣ್ಣ ಮಕ್ಕಳಿಗೆ ಒಂದು ರಿಯಾಯಿತಿ ಇತ್ತು. ಬಟ್ಟೆ ಬಿಚ್ಚಿ ಬರಿಮೈಯಲ್ಲಿ ಹೋದರೆ ಅವು ಮುಟ್ಟಬಹುದು. ಪಮ್ಯಾನಿಗೆ ಈ ರಿಯಾಯಿತಿ ಇತ್ತು, ಅದನ್ನು ಅವನು ಮುಖ್ಯವಾಗಿ ಬೆಲ್ಲದ ಡಬ್ಬಿಯ ಕಡೆ ಹೋಗಲು ಬಳಸುತ್ತಿದ್ದ. ನನ್ನ ವಯಸ್ಸು ದಾಟಿತ್ತು. ಇಂಥ ಅಜ್ಜಿ ಭಾನುವಾರ ಸಂಜೆ ಮಡಿ ಬಿಟ್ಟ ಮೇಲೆ ಪಡಸಾಲೆಯ ಹೊರಸಿನ ಮೇಲೆ ತಾನಾಗಿಯೇ ಬಂದು ಮಲಗುತ್ತಿದ್ದಳು, ಮೂವರು ಮಕ್ಕಳ ಆರು ಕೈಗಳಿಗೆ ತನ್ನ ತಲೆ, ಮೊಣಕಾಲು, ಹೆಬ್ಬೆರಳು ಎಲ್ಲವನ್ನೂ ಕೊಟ್ಟುಬಿಡುತ್ತಿದ್ದಳು. ಒಳ್ಳೆಯ ರೋಗಿಯೇನಲ್ಲ. ಪಾಠ ಮೊಣಕೈಯದಾದರೆ ಇವಳು ಹೊಟ್ಟೆ ಹಿಡಿದುಕೊಂಡು ನರಳುತ್ತಿದ್ದಳು. ಪಟ್ಟಿ ಕಟ್ಟಿದರೆ, "ಸಡಲ ಆತು, ಇದೇನು ಪಟ್ಟಿಯೋ ತೋರಣವೋ" ಎನ್ನುತ್ತಿದ್ದಳು. ಒಮ್ಮೆ ಉಸಿರು ಬಿಗಿಹಿಡಿದು ಕಣ್ಣು ಮುಚ್ಚಿ ಮಲಗಿದಳು. ಪಮ್ಯಾ ಅವಳ ಮೂಗಿನ ಹತ್ತಿರ ಕೆನ್ನೆ ಇಟ್ಟು, "ಅಜ್ಜಿ ಗಾಳಿ ಬರವಲ್ದು" ಎಂದು ಅಳಲು ಶುರುಮಾಡಿದ. ಅಜ್ಜಿ ಕಣ್ಣು ತೆರೆಯದೆಯೇ, "ಸತ್ತೀನಿ. ಅಳಬ್ಯಾಡ, ಮುಂದಿನ ಕೆಲಸ ನೋಡ್ರಿ" ಎಂದಳು. ಪಾಠ ಮುಗಿದ ಮೇಲೆ ದೀಪ ಹಚ್ಚುವ ಮುನ್ನ ಕೈಕಾಲು ತೊಳೆದು ಸೀರೆ ಬದಲಿಸುತ್ತಿದ್ದಳು. ಅದು ಟಿಂಚರ್ ವಾಸನೆಗೆ ಎಂದು ನಾನು ತಿಳಿದಿದ್ದೆ. ಟಿಂಚರೇ ಇರಲಿಲ್ಲ ಎಂದು ಪಮ್ಯಾ ಹೇಳುವುದು ನಿಜವಾದರೆ ಅದು ಮತ್ತೇತಕ್ಕೆ ಎಂದು ಯೋಚಿಸಬೇಕಾಗುತ್ತದೆ. ಸ್ವಪ್ನಾ ಕೂಡ ಅವಳನ್ನು ಮುಟ್ಟಿರುತ್ತಿದ್ದಳು. ಸ್ವಪ್ನಾ ಬರದ ಭಾನುವಾರಗಳಲ್ಲಿ ಸೀರೆ ಬದಲಿಸುತ್ತಿದ್ದಳೇ? ನಾನು ನೋಡಿರಬೇಕು, ಆದರೆ ನೋಡಿದ್ದು ಉಳಿದಿಲ್ಲ.

ಅತ್ಯಾ ಅಜ್ಜಿಯನ್ನೇ ಒಂದು ಪ್ರಶ್ನೆ ಕೇಳಿದ್ದು ಇಂಥದೊಂದು ಸಂಜೆಯೇ. ಅಜ್ಜಿಯ ತಲೆಗೆ ನಾವು ಪಟ್ಟಿ ಸುತ್ತುತ್ತಿದ್ದೆವು. "ಅವ್ವಾ, ನೀ ಮಡೀಲೆ ಇದ್ದಾಗ ಏನರೆ ಆದ್ರ ಈ ಹುಡುಗರು ಏನು ಮಾಡಬೇಕು?" ಅಜ್ಜಿ ಪಟ್ಟಿಯೊಳಗಿಂದಲೇ, "ಮಡೀಲೆ ಇದ್ದಾಗ ಏನೂ ಆಗೂದಿಲ್ಲ" ಎಂದಳು. "ಆದ್ರ ಅಂದೆ." "ದೇವರ ಕೆಲಸದಾಗ ಇರತೀನಿ, ಅವ ನೋಡ್ಕೋತಾನ." "ಅವ ಬಂದು ಪಟ್ಟಿ ಕಟ್ಟತಾನೇನು? ಒಲಿ ಮುಂದ ನೀನ ಇರತಿ, ಕುದಿಯೂದೆಲ್ಲ ನಿನ್ನ ಕೈಯಾಗ. ದಿನದಾಗ ಅರ್ಧಾ ಹೊತ್ತು ನಿನ್ನ ಮುಟ್ಟೂ ಹಂಗಿಲ್ಲ. ಇವರು ಬಂದು ಮುಟ್ಟಲ್ಯಾ ಅಂತ ಕೇಳಿದ್ರ ಹೂಂ ಅಂತಿಯೋ, ಬ್ಯಾಡ ಅಂತಿಯೋ? ಅಷ್ಟು ಹೇಳು." ಪಟ್ಟಿ ಅಜ್ಜಿಯ ಕಣ್ಣಿನ ಮೇಲೂ ಬಂದಿತ್ತು, ಆದ್ದರಿಂದ ಅವಳ ಮುಖ ಹೇಗಿತ್ತೆಂದು ನಾನು ಹೇಳಲಾರೆ. "ಆವಾಗ ನೋಡೂಣು" ಎಂದಳು. ಅತ್ಯಾ ಪಟ್ಟಿಯ ಗಂಟನ್ನು ಬೇಕಾದದ್ದಕ್ಕಿಂತ ಬಿಗಿಯಾಗಿ ಎಳೆದಳು. ಅವತ್ತಿನಿಂದ ಆ ಉತ್ತರ ನಮ್ಮ ಮನೆಯಲ್ಲಿ ಬಾಕಿ ಉಳಿದುಬಿಟ್ಟಿತು. ಬೆಳಿಗ್ಗೆ ಅಡಿಗೆಮನೆಯಲ್ಲಿ ಏನಾದರೂ ಬಿದ್ದ ಸದ್ದಾದರೆ ನಾನು ಹೊಸ್ತಿಲ ತನಕ ಓಡುತ್ತಿದ್ದೆ. ಅಜ್ಜಿ ಬಿದ್ದ ಸೌಟನ್ನು ಎತ್ತಿ ತೋರಿಸಿ, "ಸೌಟಿಗೆ ಪೆಟ್ಟಾಗಿಲ್ಲ, ಹೋಗು" ಎನ್ನುತ್ತಿದ್ದಳು.

ನೀರು ಎಷ್ಟು ಹೊತ್ತು ಹಾಕಬೇಕು ಎಂಬುದು ಪಾಠದ ಕಷ್ಟದ ಭಾಗವಾಗಿತ್ತು. ಪಮ್ಯಾನಿಗೆ ಗಡಿಯಾರ ಬರುತ್ತಿರಲಿಲ್ಲ, ನನಗೂ ಅಷ್ಟಕ್ಕಷ್ಟೇ. ಅತ್ಯಾ ಅದಕ್ಕೊಂದು ಉಪಾಯ ಕಂಡುಹಿಡಿದಳು. ದಿನಾ ಪೂಜೆಯಲ್ಲಿ ದೇವರಿಗೆ ನೀರೆರೆಯುವಾಗ ಅಜ್ಜಿ ಒಂದು ಹಾಡು ಹೇಳುತ್ತಿದ್ದಳು. ಹಾಡು ದೇವರ ಪಾದದಿಂದ ಶುರುವಾಗಿ, ಕಣಕಾಲು, ಮೊಣಕಾಲು, ನಡು, ಎದೆ ಹೀಗೆ ಒಂದೊಂದೇ ನುಡಿ ಏರುತ್ತ ಕಿರೀಟದ ಹತ್ತಿರ ಮುಗಿಯುತ್ತಿತ್ತು. ಅಜ್ಜಿಗೆ ಅವಸರವೆಂಬುದೇ ಇರಲಿಲ್ಲವಾದ್ದರಿಂದ ಅದು ತುಂಬ ಉದ್ದದ ಹಾಡು. "ಸುಟ್ಟ ಕೈಗೆ ಪಾದದಿಂದ ಕಿರೀಟದ ತನಕಾ ನೀರು ಹಾಕಬೇಕು, ನಡುವ ನಿಲ್ಲಸಬಾರದು" ಎಂದಳು ಅತ್ಯಾ. ನಾವು ಬೇವಿನ ಗಿಡದ ಕೆಳಗೆ ಒಬ್ಬರ ಕೈಗೊಬ್ಬರು ನೀರು ಹಾಕಿಕೊಂಡು ಅಭ್ಯಾಸ ಮಾಡಿದೆವು. ನಮಗೆ ಬರುತ್ತಿದ್ದದ್ದು ಪಾದದ ನುಡಿ ಮಾತ್ರ. ಸ್ವಪ್ನಾಗೆ ಅದೂ ಬರುತ್ತಿರಲಿಲ್ಲ, ಅವಳು ರಾಗ ಎಳೆಯುತ್ತಿದ್ದಳು. ಪೂರ್ತಿ ಹಾಡು ಕಲಿಸಬೇಕೆಂದು ಅತ್ಯಾಗೆ ಯಾಕೆ ಹೊಳೆಯಲಿಲ್ಲವೋ. ಬಹುಶಃ ಮನೆಯಲ್ಲಿ ಎಲ್ಲರಿಗೂ ಆ ಹಾಡು ಎಷ್ಟು ಪರಿಚಿತವೆಂದರೆ, ಬರುವುದಿಲ್ಲ ಎಂಬುದೇ ಯಾರಿಗೂ ಗೊತ್ತಾಗಿರಲಿಲ್ಲ.

ಕೈ ಸುಟ್ಟ ದಿನ ಕಾರ್ಖಾನೆಗೆ ರಜೆಯಿಲ್ಲದ ಒಂದು ಹಬ್ಬ. ಯಾವ ಹಬ್ಬ ಎಂದರೆ ಅಮ್ಮ ಒಂದು ಹೇಳುತ್ತಾರೆ, ಪಮ್ಯಾ ಇನ್ನೊಂದು. ಹೋಳಿಗೆ ಮಾಡುತ್ತಿದ್ದದ್ದು ಮಾತ್ರ ಖರೆ, ಕಡಲೆಬೇಳೆ ಬೇಯುವ ವಾಸನೆ ನನ್ನ ಪಾಲಿಗೆ ಅವತ್ತಿನಿಂದ ಬದಲಾಗಿದೆ. ಅಪ್ಪ ಕೆಲಸಕ್ಕೆ ಹೋಗಿದ್ದರು, ಅತ್ಯಾ ಬಾಲವಾಡಿಗೆ, ಅಮ್ಮ ಹೂವು ಹಣ್ಣಿಗೆಂದು ಮೆಹದಿಪಟ್ಟಣಂಗೆ ಬಸ್ಸು ಹತ್ತಿದ್ದರು. ಶಾಲೆಗೆ ರಜೆ, ನಾವು ಮೂವರು ಮುಂದೆ ಆಡುತ್ತಿದ್ದೆವು. ಅಜ್ಜಿ ಒಳಗೆ ಬೆಂದ ಬೇಳೆಯ ಬೋಗುಣಿ ಬಗ್ಗಿಸಿ, ಮುಚ್ಚಳ ಒತ್ತಿ ಹಿಡಿದು ಕಟ್ಟು ಬಸಿಯುತ್ತಿದ್ದಾಗ ಮುಚ್ಚಳ ಜಾರಿತು. ಕುದಿಯುವ ನೀರೆಲ್ಲ ಎಡಗೈ ಮೇಲೆ. ಅವಳು ಕೂಗಲಿಲ್ಲ. ಕೇಳಿದ್ದು ಮುಚ್ಚಳದ ಸದ್ದು, ಅದು ತಿರುಗಿ ತಿರುಗಿ ನೆಲಕ್ಕೆ ಒರಗುವ ಸದ್ದು. ಆಮೇಲೆ ಸೌಟಿನ ಮಾತು ಬರಲಿಲ್ಲ. ನಾವು ಓಡಿ ಹೊಸ್ತಿಲ ಹತ್ತಿರ ನಿಂತಾಗ ಅಜ್ಜಿ ಬಲಗೈಯಲ್ಲಿ ಎಡಗೈಯ ಮಣಿಕಟ್ಟು ಹಿಡಿದು ನಿಂತಿದ್ದಳು, ಬೆರಳುಗಳಿಂದ ಬೇಳೆಯ ನೀರು ಹನಿಯುತ್ತಿತ್ತು. ಅತ್ಯಾಳನ್ನು ಕರೆತರಲು ನಾನು ಸ್ವಪ್ನಾಳನ್ನು ಓಡಿಸಿದೆ. ಆಮೇಲೆ ಕಲಿತ ಹಾಗೆ ನಿಂತು ಹೇಳಿದೆ: "ಅಜ್ಜಿ, ನಾ ವಿಜೂ. ನನಗ ಒಂದೀಟು ಬರತದ. ಮುಟ್ಟಲ್ಯಾ?" ಅಜ್ಜಿ, "ಬ್ಯಾಡ" ಎಂದಳು. "ನೈವೇದ್ಯ ಆಗಿಲ್ಲ. ಒಳಗ ಬರಬ್ಯಾಡ."

ಪಾಠದಲ್ಲಿ ಇಲ್ಲಿಂದ ಮುಂದೆ ಏನೂ ಇರಲಿಲ್ಲ. ಅವರ ಮೈ ಅವರದು, ಅವರು ಬೇಡ ಅಂದಿದ್ದಾರೆ. ಎದುರಿಗೆ ಚರ್ಮ ಕೆಂಪಾಗುತ್ತಿದೆ. ಎಷ್ಟು ಹೊತ್ತು ಹಾಗೆ ನಿಂತೆವೋ, ಒಂದು ಗಳಿಗೆಯಿರಬಹುದು. ಆಮೇಲೆ ಯಾರೋ, "ಪಮ್ಯಾನ ಅಂಗಿ ತಗಿ" ಎಂದರು. ನಾನೇ ಅಂದೆ ಎಂದು ನಾನು ವರ್ಷಾನುಗಟ್ಟಲೆ ನಂಬಿಕೊಂಡಿದ್ದೆ. ಅಜ್ಜಿ ಅಂದಳು ಎಂದು ಪಮ್ಯಾ. ಅವನ ಅಂಗಿ ಕಾಲನಿಯ ದರ್ಜಿ ಹೊಲಿದದ್ದು, ಕಾಜಾ ಬಿಗಿ, ಗುಂಡಿ ದೊಡ್ಡವು. ಎರಡು ಬಿಚ್ಚಿದ ಮೇಲೆ ತಾಳ್ಮೆಗೆಟ್ಟು ಅಂಗಿಯನ್ನು ತಲೆಯ ಮೇಲೆ ಎಳೆದೆ, ಅದು ಅವನ ಮುಖಕ್ಕೆ ಸಿಕ್ಕಿಕೊಂಡಿತು. ಅಂಗಿಯೊಳಗಿಂದ ಅವನು ಒದರಾಡುತ್ತಿದ್ದ. ಅಜ್ಜಿ ಒಳಗೆ ಸುಟ್ಟ ಕೈ ಹಿಡಿದುಕೊಂಡೇ, "ಕೆಳಗಿನ ಗುಂಡಿ ಬಿಡಿಸಲೇ ಖೋಡಿ, ಕೆಳಗಿನ ಗುಂಡಿ" ಎಂದು ನನಗೆ ಹೇಳಿಕೊಡುತ್ತಿದ್ದಳು. ಈ ಮಾತಿನ ಬಗ್ಗೆ ನನಗೆ ಅನುಮಾನವಿಲ್ಲ. ಚಡ್ಡಿಯ ಬಗ್ಗೆ ಪಮ್ಯಾ ಇಂದಿಗೂ ಒಪ್ಪುವುದಿಲ್ಲ, ಅದು ಮೈಮೇಲಿತ್ತು ಎನ್ನುತ್ತಾನೆ. ಈಗ ಸಿಕಂದರಾಬಾದಿನ ಕಚೇರಿಯೊಂದರಲ್ಲಿ ಹತ್ತಾರು ಜನ ಅವನಿಗೆ ಎದ್ದು ನಿಲ್ಲುತ್ತಾರೆ, ಆದ್ದರಿಂದ ಚಡ್ಡಿಯನ್ನು ಅವನಿಗೆ ಬಿಟ್ಟುಕೊಡಬಹುದಿತ್ತು. ಆದರೆ ಚಡ್ಡಿ ಇದ್ದಿದ್ದರೆ ಅವನು ಹೊಸ್ತಿಲು ದಾಟುವಂತಿರಲಿಲ್ಲ. ಅವನು ದಾಟಿದ. ಉಡದಾರವೊಂದನ್ನು ಬಿಟ್ಟು ಮೈಮೇಲೆ ಏನೂ ಇಲ್ಲದ ನಮ್ಮ ತಮ್ಮ ದೇವರ ಮಡಿನೀರಿನ ಕೊಡದಲ್ಲಿ ತಂಬಿಗೆ ಅದ್ದಿ, "ಅಜ್ಜಿ, ನಾ ಪಮ್ಯಾ, ಮುಟ್ಟಲ್ಯಾ?" ಎಂದು, ಜೀವನದಲ್ಲಿ ಮೊದಲ ಸಲ, ಮುಟ್ಟುವುದಕ್ಕೆ ಮೊದಲೇ ಕೇಳಿದ.

ಅಜ್ಜಿ ಕೆಳಗೆ ಕೂತಳು. ಅವನು ನೀರು ಹಾಕಿದ. ನಾನು ಹೊಸ್ತಿಲಾಚೆಯಿಂದ ಹೇಳುತ್ತ ಹೋದೆ: ಸಣ್ಣಗೆ ಹಾಕು, ಎತ್ತರದಿಂದ ಬೇಡ, ಸೆರಗು ಸರಿಸು. ನಾವಿಬ್ಬರೂ ಪಾದದ ನುಡಿ ಹಾಡಿದೆವು. ನುಡಿ ಮುಗಿಯಿತು, ಪಮ್ಯಾ ತಂಬಿಗೆ ಕೆಳಗಿಟ್ಟ. "ಯಾಕ ನಿಂತಿ?" ಎಂದಳು ಅಜ್ಜಿ. "ಹಾಡು ಮುಗೀತು." "ಇನ್ನೂ ಕಿರೀಟ ಎಲ್ಲಿ ಬಂತು?" ಎಂದಳು. ನಾವು ಮುಖ ಮುಖ ನೋಡಿಕೊಂಡೆವು. ನಮಗೆ ಬರುವುದಿಲ್ಲ ಎಂಬುದು ಅವಳಿಗೆ ತಿಳಿದದ್ದು ಆ ಕ್ಷಣ. ಅವಳು ಕಣ್ಣು ಮುಚ್ಚಿ ಕಣಕಾಲಿನಿಂದ ತಾನೇ ಎತ್ತಿಕೊಂಡಳು. ಪಮ್ಯಾ ಮತ್ತೆ ತಂಬಿಗೆ ಎತ್ತಿದ. ಅವಳು ಅವತ್ತು ಅವಸರ ಮಾಡಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. ಮಾಡಲಿಲ್ಲ. ದೇವರ ಮೊಣಕಾಲಿನ ಹತ್ತಿರ ಒಮ್ಮೆ ದನಿ ಒಡೆಯಿತು, ಎದೆಯ ಹತ್ತಿರ ಸರಿಯಾಯಿತು. ನೀರು ಅವಳ ಬೆರಳಿನಿಂದ ನೆಲಕ್ಕೆ, ನೆಲದಿಂದ ಹೊಸ್ತಿಲಿನತ್ತ ಹರಿದು ಬಂತು. ಅದು ನನ್ನ ಕಾಲಿಗೆ ತಾಗುವ ಮೊದಲು ನಾನು ಹಿಂದೆ ಸರಿದೆ. ಆ ನೀರಿನ ಒಂದು ತುದಿ ಅವಳಿಗೆ ತಾಗಿದೆ, ಇನ್ನೊಂದು ತುದಿ ನನಗೆ ತಾಗಿದರೆ ಅವಳ ಮಡಿ ಏನಾಗುತ್ತದೆ ಎಂದು ಲೆಕ್ಕ ಹಾಕುತ್ತ ಸರಿದೆ. ಅವಳು ಅತ್ತಳು, ಹಾಡಲಿಲ್ಲ ಎಂದು ಪಮ್ಯಾ ಒಮ್ಮೊಮ್ಮೆ ಹೇಳುತ್ತಾನೆ. ಎರಡೂ ಒಟ್ಟಿಗೆ ಆಗುತ್ತಿದ್ದಿರಬಹುದು. ಅವನು ಹತ್ತಿರವಿದ್ದ, ನಾನು ದೂರವಿದ್ದೆ.

ಅತ್ಯಾ ಬಂದಳು, ಚಪ್ಪಲಿ ಕಾಲಲ್ಲೇ ಅಡಿಗೆಮನೆಯೊಳಗೆ ನಡೆದುಬಂದಳು. ಅಜ್ಜಿ ಹಾಡು ನಿಲ್ಲಿಸಿ, "ಕುಸುಮಾ, ಚಪ್ಪಲಿ" ಎಂದಳು. ಅತ್ಯಾ ಕೈ ನೋಡಿದಳು, ಖಾಲಿಯಾಗುತ್ತ ಬಂದ ಕೊಡ ನೋಡಿದಳು, ಬತ್ತಲೆ ನಿಂತ ಪಮ್ಯಾನನ್ನು ನೋಡಿದಳು, ಹೊಸ್ತಿಲಲ್ಲಿ ಬಿದ್ದ ಅಂಗಿ ನೋಡಿದಳು. ಎಲ್ಲ ಅರ್ಥವಾಯಿತು. "ಇವನ ಗುಂಡಿ ಬಿಚ್ಚೂ ತನಕಾ ಹಂಗ ನಿಂತಿದ್ದೇನವ್ವಾ? ನಿನಗ ಇನ್ನೊಂದು ಕೈ ಇರಲಿಲ್ಲೇನು, ನೀನ ನೀರು ಹಾಕ್ಕೊಳ್ಳಲಿಕ್ಕೆ?" "ಅದು ಇದನ್ನ ಹಿಡಕೊಂಡಿತ್ತು" ಎಂದಳು ಅಜ್ಜಿ. ಅತ್ಯಾಗೆ ಸಿಟ್ಟು ಎಷ್ಟಿತ್ತೆಂದರೆ ಅವಳು ನಕ್ಕುಬಿಟ್ಟಳು, ನಗುತ್ತಲೇ ಅತ್ತಳು. ತೊಳೆದ ಧೋತರದ ತುಂಡನ್ನು ಕೈಮೇಲೆ ಸಡಿಲವಾಗಿ ಹೊದಿಸಿ ಕಾಲನಿಯ ದವಾಖಾನೆಗೆ ಕರೆದುಕೊಂಡು ಹೊರಟಳು. ಹೊರಡುವಾಗ ಪಮ್ಯಾ ಬರಿದಾದ ಕೊಡದೊಳಗೆ ಬಗ್ಗಿ ನೋಡಿ, ದೇವರಿಗೆ ಇನ್ನು ನೀರಿಲ್ಲವಲ್ಲ ಎಂದ. ಅಜ್ಜಿ, "ಆತಲ್ಲ. ಹಾಡೂ ಆತು, ನೀರೂ ಆತು" ಎಂದಳು. ಹೀಗೆ ಅಂದಳೆಂದು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಈಗ ಬರೆಯುವಾಗ ಇದು ತೀರ ಒಪ್ಪವಾಗಿ ಕಾಣುತ್ತಿದೆ, ಹೇಳಿ ಹೇಳಿ ನಾನೇ ತಿದ್ದಿದ ಮಾತಿರಬೇಕು. ದವಾಖಾನೆಯ ಕಂಪೌಂಡರನ ಮಾತು ಒರಟಾಗಿದೆ, ಆದ್ದರಿಂದ ಅದನ್ನು ನಂಬುತ್ತೇನೆ. ಕೈ ನೋಡಿ, "ಪಾನಿ ಕೋನ್ ಡಾಲೇ ಅಮ್ಮಾ? ಅಚ್ಛಾ ಕರೇ" ಎಂದ. ನೀರು ಹಾಕಿದ್ದು ಯಾರು ಎಂದು ಅಜ್ಜಿ ಹೇಳಲಿಲ್ಲ, ಪಮ್ಯಾ ತಾನೇ ಕೈ ಎತ್ತಿದ.

ಗಾಯ ಮಾಯಿತು. ಮುಂದಿನ ಭಾನುವಾರ ನಾನು ಅತ್ಯಾಳನ್ನು ಕೇಳಿದೆ: ಮುಟ್ಟಲ್ಯಾ ಅಂದಾಗ ಬೇಡ ಅಂದರೆ ಏನು ಮಾಡಬೇಕು? ಅವಳು ತನಗೆ ತರಬೇತಿ ಕೊಟ್ಟವರನ್ನು ಕೇಳಿ ಹೇಳುತ್ತೇನೆ ಎಂದಳು. ಕೇಳಿದಳಂತೆ, ಅವರು ನಕ್ಕರಂತೆ. ಕಾರ್ಖಾನೆಯಲ್ಲಿ ಯಾವ ಗಾಯಾಳುವೂ ಬೇಡ ಅಂದದ್ದಿಲ್ಲವಂತೆ. ಆ ಪಾಠ ಹಾಗೇ ಉಳಿಯಿತು. ಅಜ್ಜಿ ಮತ್ತೆ ಮಡಿ ಉಟ್ಟಳು, ಏನೂ ಆಗಿಲ್ಲವೆಂಬಂತೆ. ಪಟ್ಟಿ ಕಟ್ಟಿಸಿಕೊಳ್ಳಲು ಮಾತ್ರ ಹೊರಸಿಗೆ ಬರುವುದನ್ನು ನಿಲ್ಲಿಸಿದಳು. ಕರೆದರೆ ಮೊಣಕಾಲು ನೋವು ಎನ್ನುತ್ತಿದ್ದಳು. ನಿಜವಾದ ನೋವಿದ್ದವರ ಮೇಲೆ ಪಾಠ ಮಾಡಬಾರದು ಎಂದು ಅತ್ಯಾ ದಿಂಬಿಗೆ ಪಟ್ಟಿ ಕಟ್ಟಿಸಿದಳು. ದಿಂಬು ಯಾರನ್ನೂ ಬೈಯಲಿಲ್ಲ, ಸಾಯುವ ನಾಟಕವನ್ನೂ ಆಡಲಿಲ್ಲ, ನಮಗೆ ಬೇಗನೆ ಬೇಸರ ಬಂತು. ಮೂರು ನಾಲ್ಕು ವರ್ಷಕ್ಕೆ ಪಮ್ಯಾನ ಮುಂಜಿಯಾಯಿತು. ಬರಿಮೈಯಲ್ಲಿ ಅಡಿಗೆಮನೆಗೆ ಹೋಗುವ ವಯಸ್ಸು ಅದಕ್ಕೂ ಮೊದಲೇ ಮುಗಿದಿತ್ತು. ಹಾಗೆ ಒಂದು ದಿನ, ಯಾವ ದಿನ ಎಂದು ಯಾರೂ ಗಮನಿಸದೆ, ಬೆಳಗಿನ ಹೊತ್ತು ಅಜ್ಜಿಯನ್ನು ಮುಟ್ಟಬಹುದಾದವರು ಆ ಮನೆಯಲ್ಲಿ ಯಾರೂ ಉಳಿಯಲಿಲ್ಲ.

ಆ ಕ್ವಾರ್ಟರ್ಸುಗಳು ಈಗಿಲ್ಲ. ಕೆಡವಿ, ಸುತ್ತ ಗೋಡೆ ಎಬ್ಬಿಸಿದ್ದಾರೆ. ಗೋಡೆಯ ಮೇಲಿಂದ ಒಂದೆರಡು ಬೇವಿನ ತಲೆ ಕಾಣುತ್ತವೆ, ನಮ್ಮದು ಯಾವುದೆಂದು ಹೇಳಲಾಗದು. ಅತ್ಯಾ ತೀರಿಹೋಗಿ ಕೆಲವು ವರ್ಷಗಳಾದವು. ಅವಳು ಕಲಿಸಿದ ಮಕ್ಕಳು ಎಲ್ಲೆಲ್ಲಿ ಯಾರನ್ನು ಹೊರಳಿಸಿದರೋ, ಯಾರ ರಕ್ತ ಒತ್ತಿ ಹಿಡಿದರೋ. ನನ್ನ ಪಾಲಿಗೆ ಬಂದದ್ದು ಹೇಳುತ್ತೇನೆ. ನಾನು ಆಗ ಡಿಗ್ರಿ ಓದುತ್ತಿದ್ದೆ. ಮಧ್ಯಾಹ್ನ ಪರೀಕ್ಷೆ ಮುಗಿಸಿ ಮೆಹದಿಪಟ್ಟಣಂನಲ್ಲಿ ಬಸ್ಸು ಬದಲಿಸಿ ಮನೆಗೆ ಬಂದರೆ ಮನೆಯಲ್ಲಿ ಅಜ್ಜಿ ಒಬ್ಬಳೇ. ಅಡಿಗೆಮನೆಯ ನೆಲದ ಮೇಲೆ, ಒಲೆಯ ಪಕ್ಕ, ಅಂಗಾತ ಬಿದ್ದಿದ್ದಳು. ಮಡಿ ಸೀರೆಯಲ್ಲಿದ್ದಳು, ದೇವರ ಮುಂದಿನ ದೀಪ ಇನ್ನೂ ಉರಿಯುತ್ತಿತ್ತು. ಬಾಯಿ ಒಂದು ಕಡೆ ಸೊಟ್ಟಗಾಗಿತ್ತು, ಕಣ್ಣು ತೆರೆದಿದ್ದವು, ಉಸಿರು ಇತ್ತು. ನಾನು ಹೊಸ್ತಿಲಲ್ಲಿ ನಿಂತೆ. ಬೆವರಿನ ಅಂಗಿ, ಬಸ್ಸಿನಲ್ಲಿ ಎಷ್ಟೋ ಜನಕ್ಕೆ ತಾಗಿ ಬಂದ ಹತ್ತಿಯ ದುಪಟ್ಟಾ. ಹತ್ತೊಂಬತ್ತು ವರ್ಷದ ನನಗೆ ಮಡಿಯ ಮೇಲೆ ಯಾವ ನಂಬಿಕೆಯೂ ಇರಲಿಲ್ಲ. ಆದರೂ ಕೇಳಿದೆ. "ಅಜ್ಜಿ, ನಾ ವಿಜೂ. ಮುಟ್ಟಲ್ಯಾ?" ಅವಳು ನನ್ನನ್ನು ನೋಡಿದಳು. ನಾಲಿಗೆ ಆಡಲಿಲ್ಲ. ನಾನು ದಾಟಿದೆ.

ಕಲಿತ ಹಾಗೆಯೇ ಮಗ್ಗುಲಿಗೆ ಹೊರಳಿಸಿದೆ, ಕೆನ್ನೆಯ ಕೆಳಗೆ ಅವಳದೇ ಕೈ ಮಡಿಸಿಟ್ಟೆ, ಬಾಯಿಯ ಜೊಲ್ಲು ಒರೆಸಿದೆ. ಅವಳು ಎಷ್ಟು ಹಗುರವಿದ್ದಳು ಎಂದರೆ ನನಗೆ ಮೊದಲು ಆದದ್ದು ಗಾಬರಿಯಲ್ಲ, ಆಶ್ಚರ್ಯ. ಪಕ್ಕದ ಮನೆಯವರನ್ನು ಕೂಗಿದೆ, ಅವರು ಕಾರ್ಖಾನೆಯ ಗಾಡಿಗೆ ಓಡಿದರು. ಕಾಯುತ್ತ ಅವಳ ತಲೆಯ ಹತ್ತಿರ ಬಗ್ಗಿ ಕೂತಿದ್ದಾಗ, ಇನ್ನೂ ಆಡುತ್ತಿದ್ದ ಅವಳ ಒಂದು ಕೈ ನಿಧಾನ ಎದ್ದು, ಅವಳ ಸೀರೆಯ ಮೇಲೆ ಬಿದ್ದಿದ್ದ ನನ್ನ ದುಪಟ್ಟಾದ ಅಂಚನ್ನು ಹಿಡಿಯಿತು. ಹಿಡಿದು ಎಳೆಯಿತು. ಗಾಡಿ ಬರುವ ತನಕ ಬಿಡಲಿಲ್ಲ, ಕೊನೆಗೆ ದುಪಟ್ಟಾವನ್ನೇ ಅವಳ ಜೊತೆ ಕಳಿಸಬೇಕಾಯಿತು. ಆಮೇಲೆ ಅವಳು ಸ್ವಲ್ಪ ದಿನ ಇದ್ದಳು, ಮಾತು ಮರಳಲಿಲ್ಲ. ಆಸ್ಪತ್ರೆಯಲ್ಲಿ ಅತ್ಯಾ ನನ್ನನ್ನು ಪಕ್ಕಕ್ಕೆ ಕರೆದು, "ಕೇಳಿದ್ಯಾ?" ಎಂದಳು. ಕೇಳಿದೆ ಅಂದೆ. "ಏನಂದ್ಲು?" ಏನೂ ಅನ್ನಲಿಲ್ಲ ಅಂದೆ. ದುಪಟ್ಟಾದ ಸಂಗತಿ ಹೇಳಿದೆ. ಅತ್ಯಾ, ತನ್ನ ತಾಯಿಯನ್ನು ನನಗಿಂತ ಬಲ್ಲವಳು, ಹೋಗಿ ಡಾಕ್ಟರನ್ನು ಕೇಳಿದಳು. ಇಂಥ ಹೊತ್ತಿನಲ್ಲಿ ಬೆರಳುಗಳು ತಾಗಿದ್ದನ್ನು ಸುಮ್ಮನೆ ಹಿಡಿದುಕೊಳ್ಳುತ್ತವೆ, ಅದಕ್ಕೆ ಅರ್ಥವಿಲ್ಲ ಎಂದು ಡಾಕ್ಟರು ಹೇಳಿದರು. ಇರಬಹುದು. ಅವಳು ನನ್ನನ್ನು ಹತ್ತಿರ ಎಳೆದುಕೊಳ್ಳಲು ಆ ಬಟ್ಟೆ ಹಿಡಿದಳೋ, ತನ್ನ ಮಡಿ ಸೀರೆಯ ಮೇಲಿಂದ ಅದನ್ನು ಸರಿಸಲು ಹಿಡಿದಳೋ, ನನಗೆ ಗೊತ್ತಿಲ್ಲ.